ಗಾಳಿ, ಬೆಂಕಿ, ಪಿಕಪ್: ವೇಗದ ಕಾರುಗಳ ಎಂಜಿನ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಬನ್ನಿಮಂಟಪದ ಹಿಂದಿನ ಒಂದು ಓಣಿಯಲ್ಲಿ ನನ್ನ ಗ್ಯಾರೇಜ್ ಇದೆ. ಎಂಜಿನ್ ಬಿಚ್ಚಿ ಜೋಡಿಸುವ ಕೆಲಸಕ್ಕೆ ಕೈಹಾಕಿ ಮೂವತ್ತನಾಲ್ಕು ವರ್ಷವಾಯಿತು. ಸಂಜೆ ಆರು ಕಳೆದರೆ ಬರುವ ಗಾಡಿಗಳಿಗಿಂತ ಬರುವ ಪ್ರಶ್ನೆಗಳೇ ಹೆಚ್ಚು. ಎಂಜಿನಿಯರಿಂಗ್ ಓದುವ ಹುಡುಗರು, ಹೊಸ ಕಾರು ಕೊಳ್ಳಲು ಹೊರಟವರು, ಮೊಬೈಲಿನಲ್ಲಿ ಯಾವುದೋ ವಿಡಿಯೊ ನೋಡಿ ತಲೆ ಕೆಡಿಸಿಕೊಂಡವರು. ಕೇಳಿದ್ದನ್ನೇ ಕೇಳುತ್ತಾರೆ, ಹೇಳಿದ್ದನ್ನೇ ಹೇಳುತ್ತೇನೆ. ಅದನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ. ಇನ್ನಾದರೂ ಕಾಫಿ ಆರುವ ಮೊದಲು ಕುಡಿಯಬಹುದೇನೋ ಎಂಬ ಆಸೆ.

ದುಬಾರಿ ಕಾರೆಲ್ಲ ಪರ್ಫಾರ್ಮೆನ್ಸ್ ಕಾರೇ ಅಲ್ಲವೇ?

ಅಲ್ಲ. ಮೆತ್ತನೆಯ ಸೀಟು, ಮರದ ಹೊದಿಕೆಯ ಡ್ಯಾಶ್‌ಬೋರ್ಡ್, ಹಿಂದೆ ಕೂತವರು ಕಾಲು ಚಾಚುವಷ್ಟು ಜಾಗ, ಇವೆಲ್ಲ ಐಷಾರಾಮದ ಲೆಕ್ಕ. ಎಷ್ಟು ಬೇಗ ಓಟ ಹಿಡಿಯುತ್ತದೆ, ತಿರುವಿನಲ್ಲಿ ಹೇಗೆ ನೆಲ ಕಚ್ಚುತ್ತದೆ, ಬ್ರೇಕ್ ಒತ್ತಿದರೆ ಎಷ್ಟು ನೇರವಾಗಿ ನಿಲ್ಲುತ್ತದೆ ಎಂಬ ಮೂರನ್ನು ಮೊದಲು ಯೋಚಿಸಿ, ಉಳಿದದ್ದನ್ನು ಆಮೇಲೆ ಸೇರಿಸಿ ಮಾಡಿದ ಕಾರು ಪರ್ಫಾರ್ಮೆನ್ಸ್ ಕಾರು. 2001ರಲ್ಲಿ ನಮ್ಮಲ್ಲಿ ಬಂದ ಫಿಯೆಟ್ ಪಾಲಿಯೊ 1.6 ನೋಡಲು ಸಾಧಾರಣ ಸಣ್ಣ ಕಾರು, ಬಾನೆಟ್ ಕೆಳಗೆ ಸುಮಾರು ನೂರು ಕುದುರೆ. ಆ ಬೆಲೆಗೆ ಅಂಥ ಕಾರು ಅಂದು ಬೇರೆ ಸಿಗುತ್ತಿರಲಿಲ್ಲ.

ಈ ಗೆರೆಯೂ ಒಂದೇ ಕಡೆ ನಿಲ್ಲುವುದಿಲ್ಲ. 1953ರಲ್ಲಿ ಜಾಗ್ವಾರ್ ಡಿಸ್ಕ್ ಬ್ರೇಕ್ ಹಾಕಿಕೊಂಡು ಫ್ರಾನ್ಸಿನ ಲ ಮಾನ್ ಓಟ ಗೆದ್ದಾಗ ಅದು ಪವಾಡ. ಇಂದು ಸಂತೆಗೆ ತರಕಾರಿ ತರಲು ಹೋಗುವ ಕಾರಿನ ಮುಂದಿನ ಗಾಲಿಗಳಲ್ಲೂ ಅದೇ ಇದೆ.

ಹಾರ್ಸ್‌ಪವರ್ ಎಂದರೆ ನಿಜವಾಗಿಯೂ ಕುದುರೆಯ ಶಕ್ತಿಯೇ?

ಮಂಡ್ಯ ಕಡೆಯಿಂದ ಬರುವ ರೈತರಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳುವುದಿಲ್ಲ. ಗದ್ದೆಗೆ ನೀರೆತ್ತುವ 5 ಎಚ್‌ಪಿ ಪಂಪ್‌ಸೆಟ್ ಅವರ ಕಣ್ಣ ಮುಂದೆಯೇ ಇರುತ್ತದೆ. ಜೇಮ್ಸ್ ವ್ಯಾಟ್ ತನ್ನ ಉಗಿ ಯಂತ್ರವನ್ನು ಮಾರಲು, ಇದು ಇಷ್ಟು ಕುದುರೆಗಳ ಕೆಲಸ ಮಾಡುತ್ತದೆ ಎಂದು ಗಿರಾಕಿಗಳಿಗೆ ತೋರಿಸಬೇಕಿತ್ತು. ಆಗ ಹುಟ್ಟಿದ ಅಳತೆ ಇದು. ಒಂದು ಎಚ್‌ಪಿ ಎಂದರೆ 746 ವ್ಯಾಟ್.

1886ರ ಕಾರ್ಲ್ ಬೆಂಝ್‌ನ ಮೂರು ಗಾಲಿಯ ಮೋಟಾರು ಗಾಡಿಗೆ 954 ಸಿಸಿಯ (ಸಿಸಿ ಎಂದರೆ ಸಿಲಿಂಡರಿನ ಒಳಜಾಗದ ಅಳತೆ) ಒಂಟಿ ಸಿಲಿಂಡರ್. ಅದರ ಶಕ್ತಿ ಮುಕ್ಕಾಲು ಎಚ್‌ಪಿ. ನಿಮ್ಮ ಮನೆಯ ಸಂಪಿನಿಂದ ಟ್ಯಾಂಕಿಗೆ ನೀರೇರಿಸುವ ಒಂದು ಎಚ್‌ಪಿ ಮೋಟಾರು ಅದಕ್ಕಿಂತ ಬಲಶಾಲಿ. ಹಳೆಯ ಮಾರುತಿ ಝೆನ್ ಹತ್ತು ಪಂಪ್‌ಸೆಟ್‌ಗೆ ಸಮ. 2005ರ ಬುಗಾಟಿ ವೇರಾನ್ 1001 ಕುದುರೆಗಳದ್ದು, ಅಂದರೆ ಇನ್ನೂರು ಪಂಪ್‌ಸೆಟ್. ಒಂದು ಊರಿನ ಕಬ್ಬಿನ ಗದ್ದೆಗೆಲ್ಲ ನೀರು ಹಾಯಿಸುವಷ್ಟು ಬಲವನ್ನು ಇಬ್ಬರು ಕೂರುವ ಕಾರಿಗೆ ತುಂಬಿದ್ದಾರೆ. ಇದು ಬೇಕಿತ್ತೇ ಎಂದು ಕೇಳಬೇಡಿ, ಬೇಕಿರಲಿಲ್ಲ.

ಟಾರ್ಕ್ ಬೇರೆ. ಬಿಗಿದ ಗಾಲಿಯ ನಟ್ಟು ಬಿಚ್ಚಲು ಸ್ಪ್ಯಾನರಿಗೆ ಉದ್ದನೆಯ ಪೈಪು ತೂರಿಸಿ ಒತ್ತುತ್ತೇವಲ್ಲ, ಆ ತಿರುಚುವ ಬಲವೇ ಟಾರ್ಕ್. ಅದೇ ಬಲ ನಿಮಿಷಕ್ಕೆ ಎಷ್ಟು ಸುತ್ತು ಸಿಗುತ್ತದೆ ಎಂಬುದನ್ನೂ ಸೇರಿಸಿದರೆ ಎಚ್‌ಪಿ. ಟ್ರ್ಯಾಕ್ಟರಿನ ಎಂಜಿನ್‌ಗೆ ಟಾರ್ಕ್ ಧಾರಾಳ, ಸುತ್ತು ಕಡಿಮೆ. ಅದಕ್ಕೇ ಕೆಸರುಗದ್ದೆ ಉಳುತ್ತದೆ, ಆದರೆ ಓಡುವುದಿಲ್ಲ.

ಎಂಜಿನ್‌ಗೆ ಶಕ್ತಿ ಎಲ್ಲಿಂದ ಬರುತ್ತದೆ? ಹೆಚ್ಚು ಪೆಟ್ರೋಲ್ ಸುರಿದರೆ ಸಾಲದೇ?

ಸಾಲದು. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಪೆಟ್ರೋಲ್ ತಾನಾಗಿ ಉರಿಯುವುದಿಲ್ಲ, ಗಾಳಿ ಬೇಕು. ಒಂದು ಕಿಲೊ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೊ ಗಾಳಿ ಬೇಕು. ಲೀಟರಿನ ಲೆಕ್ಕದಲ್ಲಿ ನೋಡಿದರೆ, ಮೈಸೂರಿನ ಎತ್ತರದಲ್ಲಿ ಒಂದು ಲೀಟರ್ ಪೆಟ್ರೋಲಿಗೆ ಸುಮಾರು ಹತ್ತು ಸಾವಿರ ಲೀಟರ್ ಗಾಳಿ. ಮನೆಯ ಮೇಲಿನ ಸಾವಿರ ಲೀಟರಿನ ಕಪ್ಪು ಟ್ಯಾಂಕ್ ಇದೆಯಲ್ಲ, ಅಂಥ ಹತ್ತು ಟ್ಯಾಂಕುಗಳಷ್ಟು ಗಾಳಿ. ಪೆಟ್ರೋಲನ್ನು ಒಳಗೆ ಕಳಿಸುವುದು ಸುಲಭ, ಒಂದು ಸಣ್ಣ ಪಂಪು ಸಾಕು. ಅಷ್ಟು ಗಾಳಿಯನ್ನು ಕಣ್ಣು ಮಿಟುಕಿಸುವುದರೊಳಗೆ ಸಿಲಿಂಡರಿನೊಳಗೆ ತುಂಬಿ, ಉರಿಸಿ, ಹೊಗೆಯನ್ನು ಹೊರದೂಡಿ, ಮತ್ತೆ ತುಂಬುವುದೇ ಕಷ್ಟ.

ಮದುವೆ ಮನೆಯ ಊಟದ ಹಾಲ್ ನೆನಪಿಸಿಕೊಳ್ಳಿ. ಮೊದಲ ಪಂಕ್ತಿ ಎದ್ದು ಹೋಗಿ, ಎಲೆ ತೆಗೆದ ಹೊರತು ಎರಡನೇ ಪಂಕ್ತಿ ಕೂರುವಂತಿಲ್ಲ. ಒಂದು ಗಂಟೆಯಲ್ಲಿ ಎಷ್ಟು ಜನ ಉಂಡರು ಎಂಬುದು ಅಡುಗೆಯವರಿಗಿಂತ ಹೆಚ್ಚಾಗಿ ಬಾಗಿಲುಗಳನ್ನು ಅವಲಂಬಿಸಿದೆ. ಹೆಚ್ಚು ಜನ ಉಣ್ಣಬೇಕಾದರೆ ದಾರಿ ಮೂರೇ. ಹಾಲ್ ದೊಡ್ಡದು ಮಾಡಿ, ಇಲ್ಲವೇ ಪಂಕ್ತಿಗಳನ್ನು ಬೇಗ ಬೇಗ ಏಳಿಸಿ, ಇಲ್ಲವೇ ಒಂದೇ ಪಂಕ್ತಿಯಲ್ಲಿ ಒತ್ತಿ ಒತ್ತಿ ಕೂರಿಸಿ. ಎಂಜಿನಿಯರುಗಳು ಮೊದಲು ಸಿಸಿ ಹೆಚ್ಚಿಸಿದರು, ಆಮೇಲೆ ಸುತ್ತು ಹೆಚ್ಚಿಸಿದರು, ಅದರ ಜತೆಗೇ ಗಾಳಿಯನ್ನು ಒತ್ತಿ ತುಂಬಲು ಕಲಿತರು. ಕೆಳಗಿನ ಉತ್ತರಗಳೆಲ್ಲ ಈ ಮೂರರ ಸುತ್ತಲೇ ತಿರುಗುತ್ತವೆ.

ಹಳೆಯ ಕಾಲದ ರೇಸ್ ಕಾರುಗಳ ಎಂಜಿನ್ ಯಾಕೆ ಅಷ್ಟು ದೈತ್ಯಾಕಾರ?

ಬೇರೆ ದಾರಿ ತಿಳಿದಿರಲಿಲ್ಲ. ಕಬ್ಬಿಣ ಭಾರ, ಸಿಲಿಂಡರಿನ ಬಾಗಿಲುಗಳಾದ ವಾಲ್ವ್‌ಗಳ ಸ್ಪ್ರಿಂಗುಗಳು ದುರ್ಬಲ. ನಿಮಿಷಕ್ಕೆ ಎರಡು ಸಾವಿರ ಸುತ್ತು ದಾಟಿದರೆ ಏನಾದರೊಂದು ಮುರಿಯುತ್ತಿತ್ತು. ಆದ್ದರಿಂದ ಹಾಲ್ ದೊಡ್ಡದು ಮಾಡುತ್ತಾ ಹೋದರು.

ಅದಕ್ಕೆ ಪೆಟ್ಟು ಬಿದ್ದದ್ದು 1912ರ ಫ್ರೆಂಚ್ ಗ್ರ್ಯಾನ್ ಪ್ರೀಯಲ್ಲಿ. ಫಿಯೆಟ್ ತಂದದ್ದು 14.1 ಲೀಟರಿನ ಎಂಜಿನ್. ಪೂಜೋ ತಂದದ್ದು 7.6 ಲೀಟರ್, ಸರಿಸುಮಾರು ಅರ್ಧ. ಎರಡು ದಿನದ ಓಟದ ಕೊನೆಗೆ ಗೆದ್ದದ್ದು ಪೂಜೋ, ಓಡಿಸಿದವರು ಜಾರ್ಜ್ ಬ್ವಾಲೊ. ಆ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೆ ನಾಲ್ಕು ವಾಲ್ವ್, ಹೆಡ್ ಮೇಲೆ ಎರಡು ಕ್ಯಾಮ್‌ಶಾಫ್ಟ್, ಅಂದರೆ ತಿರುಗುತ್ತಾ ತನ್ನ ಉಬ್ಬುಗಳಿಂದ ವಾಲ್ವ್ ತೆರೆಯುವ ದಂಡ. ಒಂದು ದೊಡ್ಡ ಬಾಗಿಲಿನ ಬದಲು ಎರಡು ಹಗುರ ಬಾಗಿಲು, ಗಾಳಿಗೆ ಹೆಚ್ಚು ದಾರಿ, ತೆರೆದು ಮುಚ್ಚಲು ಕಡಿಮೆ ಶ್ರಮ. ನೂರು ವರ್ಷಕ್ಕೂ ಹಿಂದಿನ ಆ ಏರ್ಪಾಡನ್ನು ಈಗ ಸಾಮಾನ್ಯ ಪೆಟ್ರೋಲ್ ಕಾರಿನ ಹೆಡ್ ಬಿಚ್ಚಿದಾಗಲೆಲ್ಲ ನೋಡುತ್ತೇನೆ. ಹುಡುಗರು ‘ಹದಿನಾರು ವಾಲ್ವ್’ ಎಂಬ ಸ್ಟಿಕ್ಕರನ್ನು ಹೊಸ ಆವಿಷ್ಕಾರ ಎಂಬಂತೆ ತೋರಿಸಿದಾಗ ನಗು ಬರುತ್ತದೆ.

ಕಾರ್ಬೊರೇಟರ್ ಯಾಕೆ ಹೋಯಿತು? ಚೆನ್ನಾಗಿಯೇ ಇತ್ತಲ್ಲ?

ನನಗೂ ಅದರ ಮೇಲೆ ಪ್ರೀತಿ ಇದೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಾನು ಕೆಲಸ ಕಲಿತದ್ದು ಅಂಬಾಸಿಡರ್, ಪದ್ಮಿನಿ ಕಾರುಗಳ ಮೇಲೆ. ಗುರುಗಳು ಐಡ್ಲಿಂಗ್ ಹೊಂದಿಸುವಾಗ ಅಂಗಡಿಯ ರೇಡಿಯೊ ಆರಿಸಿಬಿಡುತ್ತಿದ್ದರು. ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಸುತ್ತು ಒಳಗೆ ತಿರುಗಿಸಿ ಕಿವಿಗೊಡುವರು, ಮತ್ತೆ ಕಾಲು ಸುತ್ತು ಹೊರಗೆ. ಎಂಜಿನ್ನಿನ ಸದ್ದು ಒಂದು ಹಂತದಲ್ಲಿ ಹಗುರಾಗಿ, ದುಂಡಗಾಗಿ ಕೇಳಿದಾಗ ಸ್ಕ್ರೂಡ್ರೈವರ್ ತೆಗೆಯುವರು. ಆಮೇಲೆ ಗಾಡಿಯನ್ನು ರಿಂಗ್ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ತಂದು ಪ್ಲಗ್ ಬಿಚ್ಚಿ ತೋರಿಸುವರು. ತುದಿ ಮಸಿ ಬಳಿದಂತಿದ್ದರೆ ಪೆಟ್ರೋಲ್ ಹೆಚ್ಚು, ಸುಣ್ಣದಂತೆ ಬಿಳುಪಾಗಿದ್ದರೆ ಗಾಳಿ ಹೆಚ್ಚು, ಡಿಕಾಕ್ಷನ್‌ಗೆ ಹಾಲು ಬೆರೆಸಿದ ಬಣ್ಣವಿದ್ದರೆ ಸರಿ. ಇಂದಿಗೂ ಪ್ಲಗ್ ಕೈಗೆ ಬಂದರೆ ಮೊದಲು ನೋಡುವುದು ಬಣ್ಣವನ್ನೇ.

ಆದರೆ ಗುರುಗಳು ಹೊಂದಿಸಿದ್ದು ಆ ದಿನದ ಬಿಸಿಲಿಗೆ, ಆ ಊರಿನ ಎತ್ತರಕ್ಕೆ. ಡಿಸೆಂಬರ್ ಬೆಳಗಿನ ಚಳಿಗೆ ಅದೇ ಅಳತೆ ಸಾಲುತ್ತಿರಲಿಲ್ಲ, ಚೋಕ್ ಎಳೆಯಬೇಕಿತ್ತು. ಕಾರ್ಬೊರೇಟರ್ ಗಾಳಿಯ ಸೆಳೆತಕ್ಕೆ ಪೆಟ್ರೋಲನ್ನು ಎಳೆದುಕೊಳ್ಳುವ ಸರಳ ಸಾಧನ. ಅದಕ್ಕೆ ಕಣ್ಣಿಲ್ಲ.

1954ರ ಮರ್ಸಿಡಿಸ್ 300 ಎಸ್‌ಎಲ್, ಹಕ್ಕಿಯ ರೆಕ್ಕೆಯಂತೆ ಮೇಲೇಳುವ ಬಾಗಿಲುಗಳ ಆ ಕಾರು, ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೇ ಚಿಮ್ಮಿಸಿತು. ಆ ತಂತ್ರ ಬಂದದ್ದು ಯುದ್ಧಕಾಲದ ಜರ್ಮನ್ ವಿಮಾನಗಳ ಎಂಜಿನ್ನಿನಿಂದ. 1952ರಲ್ಲಿ ಓಟಕ್ಕಿಳಿದ ಅದರ ಅಣ್ಣನಿಗೆ ಕಾರ್ಬೊರೇಟರ್ ಇಟ್ಟು ಸುಮಾರು 175 ಕುದುರೆ ಸಿಕ್ಕಿದ್ದರೆ, ಈ ರಸ್ತೆಯ ಕಾರಿಗೆ ಸಿಕ್ಕಿದ್ದು 215. ಅಂಗಡಿಯಲ್ಲಿ ಮಾರಾಟಕ್ಕಿಟ್ಟದ್ದು ಓಟದ ಕಾರಿಗಿಂತ ಬಲಶಾಲಿಯಾದ ಅಪರೂಪದ ಪ್ರಸಂಗ. ಒಂದು ತಕರಾರೂ ಇತ್ತು. ಕೀಲಿ ತಿರುಗಿಸಿ ಆರಿಸಿದ ಮೇಲೂ ಎಂಜಿನ್ ಪೂರ್ತಿ ನಿಲ್ಲುವವರೆಗೆ ಪಂಪು ಪೆಟ್ರೋಲ್ ಚಿಮ್ಮಿಸುತ್ತಲೇ ಇರುತ್ತಿತ್ತು. ಅದು ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದುಬಿಡುತ್ತಿತ್ತು.

ಕಣ್ಣು ಬಂದದ್ದು ಎಲೆಕ್ಟ್ರಾನಿಕ್ಸ್‌ನಿಂದ. 1967ರಲ್ಲಿ ಪೆಟ್ರೋಲ್ ಚಿಮ್ಮಿಸುವುದನ್ನು ಎಲೆಕ್ಟ್ರಾನಿಕ್ಸ್‌ನಿಂದ ನಿಯಂತ್ರಿಸುವ ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ಫೋಕ್ಸ್‌ವ್ಯಾಗನ್ ಕಾರಿಗೆ ಬಂತು. 1976ರಲ್ಲಿ ಸೈಲೆನ್ಸರ್ ಪೈಪಿನಲ್ಲಿ ಕೂತು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಲ್ಯಾಂಬ್ಡಾ ಸೆನ್ಸರ್ ವೋಲ್ವೊದಲ್ಲಿ ಕಾಣಿಸಿಕೊಂಡಿತು. ಗುರುಗಳು ಪ್ಲಗ್ ಬಿಚ್ಚಿ ನೋಡುತ್ತಿದ್ದದ್ದನ್ನು ಆ ಸೆನ್ಸರ್ ಓಡುವಾಗಲೇ, ಎಡೆಬಿಡದೆ ನೋಡುತ್ತದೆ. ಇಸಿಯು ಎಂಬ ಡಬ್ಬಿ ಅದಕ್ಕೆ ತಕ್ಕಂತೆ ಪೆಟ್ರೋಲ್ ಅಳೆದು ಕೊಡುತ್ತದೆ. 2000ದ ಆಸುಪಾಸಿನಲ್ಲಿ ಹೊಗೆಯ ನಿಯಮ ಬಿಗಿಯಾದಾಗ ನಮ್ಮ ಸಣ್ಣ ಕಾರುಗಳೂ ‘ಎಂಪಿಎಫ್‌ಐ’ (ಪ್ರತಿ ಸಿಲಿಂಡರಿಗೂ ಬೇರೆಯಾಗಿ ಪೆಟ್ರೋಲ್ ಚಿಮ್ಮಿಸುವ ಏರ್ಪಾಡು) ಎಂಬ ಬಿಲ್ಲೆ ಅಂಟಿಸಿಕೊಂಡವು. ನನ್ನ ಕಿವಿಗೆ ಅಂದಿನಿಂದ ಅರ್ಧ ಕೆಲಸ.

ಸೂಪರ್‌ಚಾರ್ಜರ್, ಟರ್ಬೊ ಎರಡೂ ಒಂದೇನಾ?

ಮಾಡುವ ಕೆಲಸ ಒಂದೇ, ಕೂಲಿ ಕೊಡುವವರು ಬೇರೆ. ಕಮ್ಮಾರನ ಕುಲುಮೆಯ ತಿದಿಯ ಹಾಗೆ ಎರಡೂ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತವೆ. ಸೂಪರ್‌ಚಾರ್ಜರ್ ಎಂಜಿನ್ನಿನಿಂದಲೇ ಬೆಲ್ಟ್ ಅಥವಾ ಗೇರಿನ ಮೂಲಕ ಶಕ್ತಿ ಪಡೆದು ತಿರುಗುತ್ತದೆ, ಗಳಿಸಿದ್ದರಲ್ಲಿ ಸ್ವಲ್ಪ ತಾನೇ ತಿನ್ನುತ್ತದೆ. ಟರ್ಬೊ ಹೊರಗೆ ಹೋಗುತ್ತಿರುವ ಬಿಸಿ ಹೊಗೆಯನ್ನೇ ಕೂಲಿಗೆ ಹಚ್ಚುತ್ತದೆ. ಹೊಗೆ ಒಂದು ಚಕ್ರವನ್ನು ತಿರುಗಿಸಿದರೆ ಅದೇ ದಂಡದ ಇನ್ನೊಂದು ತುದಿಯ ಚಕ್ರ ಗಾಳಿ ಒತ್ತುತ್ತದೆ.

ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಟರ್ಬೊಗೆ ಪೇಟೆಂಟ್ ಪಡೆದರು. ಆದರೂ ರಸ್ತೆಯ ಕಾರಿಗೆ ಬರಲು 1962 ಆಗಬೇಕಾಯಿತು. ಆ ವರ್ಷ ಬಂದ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರಿಗೆ ಪೆಟ್ರೋಲ್ ಜತೆ ನೀರು-ಮೆಥನಾಲ್ ಬೆರೆಸಿದ ದ್ರವವನ್ನೂ ಒಂದು ಪ್ರತ್ಯೇಕ ತೊಟ್ಟಿಗೆ ತುಂಬಬೇಕಿತ್ತು. ಬಹಳ ಜನ ತುಂಬಲು ಮರೆತರು. ಕೂಲೆಂಟ್ ನೋಡಿಕೊಳ್ಳಿ ಎಂದು ನಾನು ವರ್ಷಗಟ್ಟಲೆ ಹೇಳಿದರೂ ನೋಡದ ಗಿರಾಕಿಗಳನ್ನು ಕಂಡಾಗ ಆ ಕಾರೇ ನೆನಪಾಗುತ್ತದೆ.

1973ರ ಬಿಎಂಡಬ್ಲ್ಯು 2002 ಟರ್ಬೊದ ಕಥೆ ಇನ್ನೂ ಪಾಪ. ಮುಂದಿನ ಕಾರಿನವರು ತಮ್ಮ ಕನ್ನಡಿಯಲ್ಲಿ ಓದಿ ದಾರಿ ಬಿಡಲಿ ಎಂದು ‘ಟರ್ಬೊ’ ಎಂಬ ಪದವನ್ನು ಮೂತಿಯ ಮೇಲೆ ತಿರುಗುಮುರುಗಾಗಿ ಬರೆಸಿದ್ದರು. ಜನ ಬೈದರು, ಅಕ್ಷರ ಹೋಯಿತು. ಅಷ್ಟರಲ್ಲಿ ತೈಲ ಬಿಕ್ಕಟ್ಟು ಬಂದು ಕಾರೂ ಹೋಯಿತು. ಆದರೆ ಪೋರ್ಷೆ 911 ಟರ್ಬೊ ಉಳಿದುಕೊಂಡಿತು, ಸ್ವೀಡನ್ನಿನ ಸಾಬ್ ಟರ್ಬೊವನ್ನು ಮನೆಮಂದಿಯ ಕಾರಿಗೂ ತಂದಿತು.

ಟರ್ಬೊದ ನಿಜವಾದ ಹುಚ್ಚು ಕಂಡದ್ದು ಫಾರ್ಮುಲಾ ಒನ್‌ನಲ್ಲಿ. 1977ರಲ್ಲಿ ರೆನೋ 1.5 ಲೀಟರಿನ ಟರ್ಬೊ ಕಾರು ತಂದಾಗ ಅದು ಆಗಾಗ ಹೊಗೆ ಕಾರಿ ನಿಲ್ಲುತ್ತಿತ್ತು. ‘ಹಳದಿ ಟೀ ಕೆಟಲ್’ ಎಂದು ಎದುರಾಳಿಗಳು ನಕ್ಕರು. 1979ರಲ್ಲಿ ಅದೇ ರೆನೋ ತಾಯ್ನಾಡಿನ ಓಟ ಗೆದ್ದಿತು. 1986ರ ಹೊತ್ತಿಗೆ ಬಿಎಂಡಬ್ಲ್ಯುವಿನ 1.5 ಲೀಟರ್ ಎಂಜಿನ್ ಅರ್ಹತಾ ಸುತ್ತಿಗೆ ಸಾವಿರ ಕುದುರೆ ದಾಟುತ್ತಿತ್ತು. ಅದರ ಮೂಲ ಕಬ್ಬಿಣದ ಬ್ಲಾಕ್ ಸಾಧಾರಣ ರಸ್ತೆ ಕಾರಿನದು! 1988ರ ನಂತರ ಟರ್ಬೊವನ್ನು ನಿಷೇಧಿಸಿದರು. 2014ರಲ್ಲಿ 1.6 ಲೀಟರ್ ಹೈಬ್ರಿಡ್ ರೂಪದಲ್ಲಿ ಮತ್ತೆ ಕರೆದರು, ಈ ಬಾರಿ ಇಂಧನ ಉಳಿಸಲು. ಪೆಟ್ರೋಲಿನ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಕೆಲಸಕ್ಕೆ ಹಚ್ಚಿದ್ದೇವೆ ಎಂದು 2017ರಲ್ಲಿ ಮರ್ಸಿಡಿಸ್ ಪ್ರಕಟಿಸಿತು. ನಮ್ಮ ಹಳೆಯ ಎಂಜಿನ್‌ಗಳು ಕಾಲು ಭಾಗ ಬಳಸಿದರೆ ಹೆಚ್ಚು, ಉಳಿದದ್ದು ರೇಡಿಯೇಟರಿಗೂ ಸೈಲೆನ್ಸರಿಗೂ ದಾನ.

ಊಟಿಗೆ ಹೋಗುವಾಗ ನನ್ನ ಕಾರಿನ ಪಿಕಪ್ ಬಿದ್ದುಹೋಗುತ್ತದೆ, ಗೆಳೆಯನ ಟರ್ಬೊ ಕಾರು ಮಾತ್ರ ಹಾಗೇ ಓಡುತ್ತದೆ. ಯಾಕೆ?

ನಿಮ್ಮ ಕಾರಿಗೆ ಏನೂ ಆಗಿಲ್ಲ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರ, ಊಟಿ 2,240 ಮೀಟರ್. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಮೀಟರಿಗೆ ಹತ್ತಿರಹತ್ತಿರ ಹತ್ತನೇ ಒಂದು ಭಾಗ ಶಕ್ತಿ ಕಳೆದುಕೊಳ್ಳುತ್ತದೆ. ಕಲ್ಲಟ್ಟಿ ಘಾಟಿಯ 36 ತಿರುವುಗಳಲ್ಲಿ ಎರಡನೇ ಗೇರಿನಲ್ಲಿ ಏದುಸಿರು ಬಿಡುವುದು ಅದಕ್ಕೇ. ಗೆಳೆಯನ ಟರ್ಬೊ ಸ್ವಲ್ಪ ಹೆಚ್ಚು ವೇಗವಾಗಿ ತಿರುಗಿ ಆ ಕೊರತೆಯನ್ನು ತುಂಬಿಕೊಳ್ಳುತ್ತದೆ. ವಿಮಾನಗಳು ಟರ್ಬೊವನ್ನು ಕಾರಿಗಿಂತ ಮೊದಲೇ ಅಪ್ಪಿಕೊಂಡದ್ದೂ ಇದೇ ಕಾರಣಕ್ಕೆ.

ವಿಟೆಕ್ ಎಂದರೆ ಏನು? ಹಳೆಯ ಹೋಂಡಾ ಸಿಟಿಗೆ ಜನ ಯಾಕೆ ಅಷ್ಟು ಹಂಬಲಿಸುತ್ತಾರೆ?

ನಿಧಾನವಾಗಿ ತಿರುಗುವ ಎಂಜಿನ್‌ಗೆ ವಾಲ್ವ್ ಸ್ವಲ್ಪವೇ ತೆರೆದರೆ ಒಳ್ಳೆಯದು, ಜೋರಾಗಿ ತಿರುಗುವಾಗ ಹೆಚ್ಚು ಹೊತ್ತು ತೆರೆದಿರಬೇಕು. ಒಂದು ಕ್ಯಾಮ್ ಎರಡನ್ನೂ ಮಾಡಲಾರದು. ಅದಕ್ಕೇ ಓಟಕ್ಕೆ ಸಿದ್ಧಪಡಿಸಿದ ಹಳೆಯ ಕಾರುಗಳು ಟ್ರಾಫಿಕ್ಕಿನಲ್ಲಿ ಕೆಮ್ಮುತ್ತಿದ್ದವು. 1989ರಲ್ಲಿ ಹೋಂಡಾ ಒಂದೇ ದಂಡದ ಮೇಲೆ ಎರಡು ಬಗೆಯ ಉಬ್ಬುಗಳನ್ನು ಕೂರಿಸಿತು. ಸುತ್ತು ಏರಿದಾಗ ಆಯಿಲ್ ಒತ್ತಡ ಒಂದು ಪಿನ್ನನ್ನು ತಳ್ಳಿ ದೊಡ್ಡ ಉಬ್ಬಿಗೆ ಕೆಲಸ ಒಪ್ಪಿಸುತ್ತದೆ. ಟರ್ಬೊ ಇಲ್ಲದೆಯೇ 1.6 ಲೀಟರಿಗೆ 160 ಕುದುರೆ, ಅಂದರೆ ಲೀಟರಿಗೆ ನೂರು.

ನಮ್ಮಲ್ಲಿ ಸಿಟಿಯ 1.5 ವಿಟೆಕ್‌ಗೆ 106 ಕುದುರೆ ಇತ್ತು, ಲೀಟರಿಗೆ ನೂರು ಮುಟ್ಟುತ್ತಿರಲಿಲ್ಲ. ಆದರೆ ಕಾರು ಹಗುರ, ಎಂಜಿನ್ ಸುತ್ತಿಗೆ ಹಸಿದಿತ್ತು. ಕೆಆರ್‌ಎಸ್ ರಸ್ತೆಯಲ್ಲಿ ಒಮ್ಮೆ ಓಡಿಸಿದ್ದೇನೆ. ಇನ್ನೇನು ಮುಗಿಯಿತು ಎನ್ನುವಲ್ಲಿ ಅದು ಶುರುವಾಗುತ್ತಿತ್ತು.

ಅಮೆರಿಕದ ಮಸಲ್ ಕಾರುಗಳು ಏನಾದವು?

1964ರಲ್ಲಿ ಪಾಂಟಿಯಾಕ್ ಜಿಟಿಒ ಮಧ್ಯಮ ಗಾತ್ರದ ಕಾರಿಗೆ 6.4 ಲೀಟರ್ ಎಂಜಿನ್ ತುರುಕಿ ದಾರಿ ತೋರಿತು. ಹೊಗೆಯ ಕಾಯಿದೆ, ವಿಮೆಯ ಕಂತು, 1973ರ ತೈಲ ಬಿಕ್ಕಟ್ಟು ಸೇರಿ ಕತ್ತು ಹಿಸುಕಿದವು. ಸೈಲೆನ್ಸರ್, ಡೈನಮೊ ಎಲ್ಲ ಬಿಚ್ಚಿಟ್ಟು ಎಚ್‌ಪಿ ಅಳೆಯುತ್ತಿದ್ದ ಕಂಪನಿಗಳು 1972ರಿಂದ ಎಲ್ಲವನ್ನೂ ಜೋಡಿಸಿ ಅಳೆಯತೊಡಗಿದ್ದರಿಂದ ಕಾಗದದ ಮೇಲೂ ಕುದುರೆಗಳು ಸತ್ತವು. ಆ ಕಾರುಗಳ ಬಗ್ಗೆ ನನಗೆ ಹೆಚ್ಚು ಮೋಹವಿಲ್ಲ. ಹಾಲ್ ದೊಡ್ಡದು ಮಾಡುವುದು ಎಲ್ಲರಿಗೂ ಬರುತ್ತದೆ.

ಮೈಸೂರಿನ ಯೆಜ್ಡಿಗೆ ಟೂ ಸ್ಟ್ರೋಕ್ ಎಂಜಿನ್ ಇತ್ತಲ್ಲ, ಕಾರುಗಳಿಗೆ ಯಾಕೆ ಅದು ಬರಲಿಲ್ಲ?

ಬಂದಿತ್ತು. ಅದಕ್ಕೆ ಮೊದಲು ನಮ್ಮೂರಿನ ಮಾತು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳನ್ನು ಮಾಡಿತು. ಕಿಕ್ ಹೊಡೆದ ಲಿವರನ್ನೇ ಮುಂದಕ್ಕೆ ಮಡಚಿದರೆ ಗೇರ್ ಲಿವರ್ ಆಗುವ ಆ ಜಾಣತನ ನೋಡಿ ಇಂದಿನ ಹುಡುಗರೂ ಬೆರಗಾಗುತ್ತಾರೆ. ನಾನು ಬಿಚ್ಚಿದ ಮೊದಲ ಎಂಜಿನ್ ಯೆಜ್ಡಿಯದೇ. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟೈಮಿಂಗ್ ಚೈನ್ ಇಲ್ಲ, ಸಿಲಿಂಡರ್ ಗೋಡೆಯಲ್ಲಿ ಕಿಟಕಿಗಳು ಮಾತ್ರ. ಪ್ರತಿ ಸುತ್ತಿಗೂ ಒಂದು ಸ್ಫೋಟ, ನಾಲ್ಕು ಸ್ಟ್ರೋಕಿನಲ್ಲಾದರೆ ಎರಡು ಸುತ್ತಿಗೆ ಒಂದು.

ಪ್ರತಿ ಸುತ್ತಿಗೂ ಸ್ಫೋಟವಾದರೆ ನಾಲ್ಕು ಸ್ಟ್ರೋಕಿನ ಎರಡರಷ್ಟು ಶಕ್ತಿ ಬರಬೇಕಲ್ಲ? ಬರುವುದಿಲ್ಲ. ಹೊಗೆ ಹೋಗುವ ಕಿಟಕಿ, ಹೊಸ ಮಿಶ್ರಣ ಬರುವ ಕಿಟಕಿ ಎರಡೂ ಒಟ್ಟಿಗೆ ತೆರೆದಿರುತ್ತವೆ. ಎರಡನೇ ಪಂಕ್ತಿಯವರು ಮೊದಲನೆಯವರ ಜತೆ ಉಣ್ಣದೆಯೇ ಎದ್ದು ಹೋದಂತೆ ಹೊಸ ಪೆಟ್ರೋಲ್ ಹೊರಗೆ ಸೋರುತ್ತದೆ. ಪೂರ್ವ ಜರ್ಮನಿಯ ಎಂಝಡ್ ಕಂಪನಿಯ ವಾಲ್ಟರ್ ಕಾಡನ್ ಸೈಲೆನ್ಸರಿನ ಹೊಟ್ಟೆಯನ್ನು ಉಬ್ಬಿಸಿ, ಒಳಗಿನ ಒತ್ತಡದ ಅಲೆ ಮರಳಿ ಬಂದು ಸೋರಿದ್ದನ್ನು ಒಳಕ್ಕೆ ದೂಡುವಂತೆ ಮಾಡಿದರು. 1961ರಲ್ಲಿ ಅವರ 125 ಸಿಸಿ ಬೈಕು 25 ಕುದುರೆ ಕೊಟ್ಟಿತು, ಅಂದರೆ ಲೀಟರಿಗೆ ಇನ್ನೂರು. ಅದೇ ವರ್ಷ ಅವರ ಸವಾರ ಅರ್ನ್ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಓಡಿಹೋಗಿ ಸುಜುಕಿ ಸೇರಿದರು, ವಿದ್ಯೆಯೂ ಜತೆಗೆ ಹೋಯಿತು.

ಕಾರುಗಳಲ್ಲಿ ಸಾಬ್ 96 ಇತ್ತು. 841 ಸಿಸಿ, ಮೂರು ಸಿಲಿಂಡರ್, ಟೂ ಸ್ಟ್ರೋಕ್. ಎರಿಕ್ ಕಾರ್ಲ್‌ಸನ್ ಅದರಲ್ಲಿ 1962 ಮತ್ತು 1963ರ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದರು. ಕೊನೆಗೆ ಹೊಗೆಯ ನಿಯಮಗಳ ಮುಂದೆ ಟೂ ಸ್ಟ್ರೋಕ್ ನಿಲ್ಲಲಿಲ್ಲ. ಪೆಟ್ರೋಲಿನ ಜತೆ ಆಯಿಲನ್ನೂ ಉರಿಸುವ ಎಂಜಿನ್ ಎಷ್ಟು ದಿನ ನಿಂತೀತು?

ಡೀಸೆಲ್ ಕಾರು ಓಡುತ್ತದೆಯೇ?

2006ರಲ್ಲಿ ಆಡಿ ಆರ್10 ಡೀಸೆಲ್ ಎಂಜಿನ್ ಹೊತ್ತು ಲ ಮಾನ್ ಗೆದ್ದಿತು, ಆಮೇಲೆ ಆ ಪ್ರಶ್ನೆ ಉಳಿಯಬಾರದು. ಡೀಸೆಲನ್ನು ಒಂದೇ ಕೊಳವೆಯಲ್ಲಿ ಭಾರಿ ಒತ್ತಡದಲ್ಲಿಟ್ಟು ಎಲ್ಲ ಸಿಲಿಂಡರಿಗೂ ಚಿಮ್ಮಿಸುವ ಕಾಮನ್ ರೈಲ್ ಬಂದದ್ದು 1997ರಲ್ಲಿ, ಆಲ್ಫಾ ರೋಮಿಯೊ ಕಾರಿನಲ್ಲಿ. ಅದೇ ವಿದ್ಯೆಯ ಫಿಯೆಟ್ 1.3 ಲೀಟರ್ ಎಂಜಿನ್ ಎಷ್ಟು ಬ್ರ್ಯಾಂಡಿನ ಕಾರುಗಳಲ್ಲಿ ಕೂತಿತ್ತೆಂದರೆ ಅದಕ್ಕೆ ‘ರಾಷ್ಟ್ರೀಯ ಡೀಸೆಲ್ ಎಂಜಿನ್’ ಎಂಬ ಅಡ್ಡಹೆಸರೇ ಬಿತ್ತು. 2020ರ ಬಿಎಸ್-6 ಎಂಬ ಹೊಗೆಯ ನಿಯಮ ಸಣ್ಣ ಡೀಸೆಲ್‌ಗಳಿಗೆ ದುಬಾರಿಯಾಯಿತು.

ಇ20 ಪೆಟ್ರೋಲ್ ನನ್ನ ಕಾರನ್ನು ಹಾಳು ಮಾಡುತ್ತದೆಯೇ? ಎಥನಾಲ್ ರೇಸ್ ಕಾರಿಗೆ ಒಳ್ಳೆಯದಂತೆ?

ಎರಡರಲ್ಲೂ ನಿಜವಿದೆ. ಇ20 ಎಂದರೆ ಶೇಕಡ ಇಪ್ಪತ್ತು ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಕಬ್ಬಿನಿಂದಲೂ ಬರುತ್ತದೆ, ಹಾಗಾಗಿ ಮಂಡ್ಯಕ್ಕೆ ಇದು ಹೊಟ್ಟೆಪಾಡಿನ ಪ್ರಶ್ನೆಯೂ ಹೌದು. 1933ರಲ್ಲಿ ಮೈಷುಗರ್ ಕಾರ್ಖಾನೆ ಶುರುವಾದ ಊರಿನವರಿಗೆ ಕಾಕಂಬಿ (ಸಕ್ಕರೆ ತೆಗೆದ ಮೇಲೆ ಉಳಿಯುವ, ಎಥನಾಲ್ ಮಾಡುವ ಪಾಕ) ಎಂದರೆ ಏನೆಂದು ಹೇಳಿಕೊಡಬೇಕಿಲ್ಲ.

ಎಥನಾಲ್‌ನ ಗುಣ ಆಕ್ಟೇನ್. ಸಿಲಿಂಡರಿನಲ್ಲಿ ಮಿಶ್ರಣವನ್ನು ಬಿಗಿಯಾಗಿ ಒತ್ತಿದಾಗ ಪ್ಲಗ್ ಕಿಡಿ ಹಾರಿದ ಮೇಲೆ, ಬೆಂಕಿ ತಲುಪುವ ಮೊದಲೇ ಮೂಲೆಯಲ್ಲಿ ಎಲ್ಲೋ ತಾನಾಗಿ ಸಿಡಿದರೆ ಕಟಕಟ ಸದ್ದು ಬರುತ್ತದೆ. ಅದನ್ನು ನಾಕಿಂಗ್ ಎನ್ನುತ್ತೇವೆ. ಅದು ಪಿಸ್ಟನ್ನನ್ನು ತಿಂದುಹಾಕುತ್ತದೆ. ಅದಕ್ಕೆ ಮಣಿಯದ ಇಂಧನದ ಗುಣವೇ ಆಕ್ಟೇನ್. ಅದನ್ನು ತಡೆಯಲು 1920ರ ದಶಕದಿಂದ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ವಿಷವೆಂದು ಗೊತ್ತಾಗಿ, ನಮ್ಮಲ್ಲಿ 2000ದಲ್ಲಿ ದೇಶದಾದ್ಯಂತ ನಿಂತಿತು. ಎಥನಾಲ್ ಆ ಕೆಲಸವನ್ನು ವಿಷವಿಲ್ಲದೆ ಮಾಡುತ್ತದೆ, ಆವಿಯಾಗುವಾಗ ಒಳಗಿನ ಗಾಳಿಯನ್ನು ತಂಪೂ ಮಾಡುತ್ತದೆ. ಸ್ವೀಡನ್ನಿನ ಕೋನಿಗ್‌ಸೆಗ್ ಸಿಸಿಎಕ್ಸ್ಆರ್ ಕಾರಿಗೆ 85 ಶೇಕಡ ಎಥನಾಲ್ ಹಾಕಿದರೆ ಸಾವಿರ ಕುದುರೆ ದಾಟುತ್ತಿತ್ತು, ಪೆಟ್ರೋಲಿನಲ್ಲಿ ಓಡುವ ಅದರ ಜೊತೆಗಾರನಿಗೆ 806.

ಆದರೆ ಆ ಲಾಭ ಸಿಗುವುದು ಅದಕ್ಕೆಂದೇ ಹೊಂದಿಸಿದ ಎಂಜಿನ್‌ಗೆ. ಲೀಟರಿಗೆ ಲೀಟರ್ ಹೋಲಿಸಿದರೆ ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ ಶಾಖವಿದೆ, ಮೈಲೇಜ್ ಸ್ವಲ್ಪ ಇಳಿದೇ ಇಳಿಯುತ್ತದೆ. ಅದು ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ಹಿಗ್ಗಿಸಿ ಬಿರಿಸುತ್ತದೆ. ಹೊಸ ಕಾರಿನವರು ನಿಶ್ಚಿಂತೆಯಾಗಿರಿ. ಹಳೆಯ ಕಾರ್ಬೊರೇಟರ್ ಗಾಡಿಯವರು ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಮ್, ವಾಷರುಗಳನ್ನು ಬದಲಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಿ.

ಮೂರು ಸಿಲಿಂಡರಿನ ಸಣ್ಣ ಟರ್ಬೊ ಎಂಜಿನ್ ಬಾಳಿಕೆ ಬರುತ್ತದೆಯೇ?

ಬರುತ್ತದೆ, ಆಯಿಲ್ ಬದಲಿಸುವವರ ಕೈಯಲ್ಲಿ. ಕಳೆದ ವರ್ಷ ಒಬ್ಬರು ಪೊಲೀಸ್ ಸೈರನ್ನಿನಂತೆ ಕೂಗುವ ಕಾರು ತಂದರು. ಟರ್ಬೊ ಬಿಚ್ಚಿದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಚಕ್ರ, ಮಲ್ಲಿಗೆ ಎಸಳಿನಂಥ ತೆಳು ರೆಕ್ಕೆಗಳು, ಅವುಗಳಲ್ಲಿ ಮೂರರ ತುದಿ ಕವಚಕ್ಕೆ ಉಜ್ಜಿ ಸವೆದಿತ್ತು. ದಂಡವನ್ನು ಬೆರಳಿನಿಂದ ಅಲುಗಿಸಿದರೆ ಆಡುತ್ತಿತ್ತು. ಆಯಿಲ್ ಬರುವ ಕೊಳವೆಯಲ್ಲಿ ಒಲೆಯ ಮೇಲೆ ಮರೆತ ಬೆಲ್ಲದ ಪಾಕದಂಥ ಕರಿ. ಆಯಿಲ್ ಬದಲಿಸಿ ಎರಡೂವರೆ ವರ್ಷವಾಗಿತ್ತು ಎಂದು ಅವರೇ ಒಪ್ಪಿಕೊಂಡರು. ಆ ಚಕ್ರ ನಿಮಿಷಕ್ಕೆ ಎರಡು ಲಕ್ಷ ಸುತ್ತಿನವರೆಗೆ ತಿರುಗುತ್ತದೆ, ನಡುವೆ ಇರುವುದು ಆಯಿಲಿನ ಪೊರೆ ಮಾತ್ರ. ಚಾಮುಂಡಿ ಬೆಟ್ಟವನ್ನು ರಭಸವಾಗಿ ಹತ್ತಿದಿರಾದರೆ ಮೇಲೆ ಒಂದು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು ಆಮೇಲೆ ಆರಿಸಿ. ದೇವಿ ಕಾಯುತ್ತಾಳೆ, ಎಲ್ಲೂ ಹೋಗುವುದಿಲ್ಲ.

ಸೈಲೆನ್ಸರ್ ಬದಲಿಸಿದರೆ ಪಿಕಪ್ ಹೆಚ್ಚುತ್ತದೆಯೇ?

ಸದ್ದು ಹೆಚ್ಚುತ್ತದೆ, ಕಿವಿ ಅದನ್ನು ಪಿಕಪ್ ಎಂದು ತಿಳಿಯುತ್ತದೆ. ಸೈಲೆನ್ಸರ್ ಒಂದನ್ನೇ ಬದಲಿಸಿದರೆ ಇಸಿಯುಗೆ ಅದರ ಪರಿವೆಯೇ ಇರುವುದಿಲ್ಲ. ಟರ್ಬೊ ಕಾರಿನ ಇಸಿಯು ಮ್ಯಾಪ್, ಅಂದರೆ ಆ ಡಬ್ಬಿಯೊಳಗಿನ ಅಳತೆಗಳ ಪಟ್ಟಿ, ಬದಲಿಸಿದರೆ ಶಕ್ತಿ ನಿಜವಾಗಿಯೂ ಏರುತ್ತದೆ, ಜತೆಗೆ ಕ್ಲಚ್, ಗೇರ್‌ಬಾಕ್ಸ್, ವಾರಂಟಿ ಮೂರರ ಆಯಸ್ಸು ಇಳಿಯುತ್ತದೆ. ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಗಾಡಿಯ ಮೂಲ ವಿವರಗಳನ್ನು ಬದಲಿಸಬೇಡಿ ಎನ್ನುತ್ತದೆ. ನನ್ನ ಗ್ಯಾರೇಜಿನಲ್ಲಿ ಇದನ್ನು ಮಾಡಿಕೊಡುವುದಿಲ್ಲ, ಮತ್ತೆ ಮತ್ತೆ ಕೇಳಬೇಡಿ. ಆ ಹಣಕ್ಕೆ ನಾಲ್ಕು ಒಳ್ಳೆಯ ಟೈರ್ ಹಾಕಿಸಿ. ನೆಲಕ್ಕೆ ತಾಗಿರುವುದು ಅವೇ.

ಬೆಂಗಳೂರು ಎಕ್ಸ್‌ಪ್ರೆಸ್‌ವೇಯಲ್ಲಿ ನನ್ನ ಕಾರಿನ ತಾಕತ್ತು ನೋಡಬಹುದೇ? ಎಲೆಕ್ಟ್ರಿಕ್ ಕಾರು ನಿಜಕ್ಕೂ ಇವನ್ನೆಲ್ಲ ಮೀರಿಸುತ್ತದೆಯೇ?

ಇಬ್ಬರು ಬೇರೆ ಬೇರೆ ಕೇಳಿದ ಪ್ರಶ್ನೆಗಳು, ಉತ್ತರ ಒಂದೇ ಅಂಕಿಯಲ್ಲಿದೆ. 2023ರಲ್ಲಿ ಉದ್ಘಾಟನೆಯಾದ ಆ ಹೆದ್ದಾರಿಯಲ್ಲಿ ವೇಗದ ಮಿತಿ ಗಂಟೆಗೆ 100 ಕಿಲೋಮೀಟರ್, ಮೇಲೆ ಕ್ಯಾಮೆರಾ ಇದೆ. ಗಂಟೆಗೆ ನೂರನ್ನು ಮೊದಲು ದಾಟಿದ ಕಾರು ಯಾವುದು ಗೊತ್ತೇ? 1899ರಲ್ಲಿ ಪ್ಯಾರಿಸ್ ಬಳಿ ಬೆಲ್ಜಿಯಂನ ಕಮಿಲ್ ಜೆನಾಟ್ಸಿ ಓಡಿಸಿದ, ಟಾರ್ಪೆಡೊ ಆಕಾರದ ಬ್ಯಾಟರಿ ಕಾರು. ಗಂಟೆಗೆ 105.88 ಕಿಲೋಮೀಟರ್. ಅದರ ಫ್ರೆಂಚ್ ಹೆಸರಿನ ಅರ್ಥ ‘ಎಂದೂ ತೃಪ್ತಿಯಾಗದವಳು’. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಲು ಇನ್ನೂ ಮೂರು ವರ್ಷವಿತ್ತು.

ಮೋಟಾರಿಗೆ ಗಾಳಿ ಬೇಡ. ವಾಲ್ವ್, ಟರ್ಬೊ, ಚೋಕ್ ಎಂಬ ನಮ್ಮ ಇಷ್ಟೆಲ್ಲ ಒದ್ದಾಟ ಅದಕ್ಕೆ ಅನ್ವಯಿಸುವುದೇ ಇಲ್ಲ. ಪೆಡಲ್ ಒತ್ತಿದ ಕ್ಷಣವೇ ಪೂರ್ತಿ ಟಾರ್ಕ್. ಕ್ರೊಯೇಷಿಯಾದ ರಿಮಾಕ್ ನೆವೆರಾ ನಾಲ್ಕು ಮೋಟಾರುಗಳಿಂದ 1,914 ಕುದುರೆ ತೆಗೆಯುತ್ತದೆ, ಊಟಿಯಲ್ಲೂ ಅಷ್ಟೇ. ತೂಕ ಎರಡು ಟನ್ನಿಗೂ ಹೆಚ್ಚು, ಅದು ಅದರ ಶಾಪ. ಓಟದಲ್ಲಿ ಅದು ಮುಂದೆ, ಒಪ್ಪಿಕೊಂಡಿದ್ದೇನೆ. ಬಾನೆಟ್ ತೆರೆದರೆ ಕಿವಿಗೊಡಲು ಏನೂ ಇಲ್ಲ ಎಂಬುದಷ್ಟೇ ನನ್ನ ಸಂಕಟ.

ಹಳೆಯ ಕಾರುಗಳನ್ನು ಹತ್ತಿರದಿಂದ ನೋಡಲು ಎಲ್ಲಿಗೆ ಹೋಗಬೇಕು?

ಶ್ರೀರಂಗಪಟ್ಟಣದ ಬಳಿಯ ಪಯಣ ಕಾರ್ ಮ್ಯೂಸಿಯಂಗೆ ಹೋಗಿ. ಮಕ್ಕಳನ್ನು ಕರೆದೊಯ್ಯಿರಿ.

ನೀವು ಓಡಿಸುವ ಕಾರು ಯಾವುದು?

1998ರ ಮಾರುತಿ ಝೆನ್. 993 ಸಿಸಿ, ಅಲ್ಯೂಮಿನಿಯಂ ಎಂಜಿನ್, ಕಾರ್ಬೊರೇಟರ್. ಇ20 ಬಂದ ಮೇಲೆ ಪೆಟ್ರೋಲ್ ಪೈಪುಗಳನ್ನೆಲ್ಲ ಹೊಸದಾಗಿ ಹಾಕಿದ್ದೇನೆ, ಪ್ಲಗ್‌ನ ಬಣ್ಣ ಕಾಫಿಯದೇ. ಮಾರುವುದಿಲ್ಲ.